ಎಡಗೋಡೆ

ಕಾರು ನಿಲ್ಲಿಸಿ ಎಂಜಿನ್ ಆರಿಸಿದ ಮೇಲೂ ವೆಂಡೆಲ್ ಕ್ರೌಸನಿಗೆ ಇಳಿಯುವ ಮನಸ್ಸಾಗಲಿಲ್ಲ. ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು ನಕ್ಕು ನೋಡಿದ. ತುಟಿ ನಕ್ಕಿತು, ಕಣ್ಣು ನಗಲಿಲ್ಲ. ಹೋದ ಸಲ ತೆಗೆದ ವಿಡಿಯೊದಲ್ಲಿ ತನ್ನ ಮುಖ ಕಂಡು ಅವನಿಗೇ ಹೇಸಿಗೆಯಾಗಿತ್ತು. ಎಂಟನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವವನ ಮುಖವಲ್ಲ ಅದು. ಸುಟ್ಟುಹೋದ ಅಡುಗೆಮನೆಯಲ್ಲಿ ನಿಂತು, ಅಳುವ ಮನೆಯೊಡತಿಗೆ ತಲೆಯಾಡಿಸುತ್ತ, ಇವಳು ಒಲೆ ಆರಿಸಿದ್ದು ನಿಜವೇ ಎಂದು ಒಳಗೊಳಗೇ ಅಳೆಯುವವನ ಮುಖ. ಪಕ್ಕದ ಸೀಟಿನಲ್ಲಿ ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿ ಪಟ್ಟಿ ಕಟ್ಟಿಕೊಂಡು ಮಲಗಿತ್ತು. ಇವತ್ತೇ ಕೊನೆ. ಹದಿನೈದು ನಿಮಿಷ ಪಾಠ ಮಾಡುವ ವಿಡಿಯೊ, ಎಲ್ಲೂ ಕತ್ತರಿಸದೆ ಜೋಡಿಸದೆ, ಇವತ್ತು ಸಂಜೆಯೊಳಗೆ ರಾಜ್ಯದ ಶಿಕ್ಷಣ ಇಲಾಖೆಗೆ ಹೋಗಬೇಕು. ಎಲ್ಲೋ ಯಾವುದೋ ಊರಿನಲ್ಲಿ ಕೂತ, ಅವನನ್ನು ಎಂದೂ ಎದುರಿಗೆ ಕಾಣದ ಯಾರೋ ಅದನ್ನು ನೋಡಿ, ಇವನು ಮೇಷ್ಟ್ರೋ ಅಲ್ಲವೋ ಎಂದು ಹೇಳುತ್ತಾರೆ. ಮೊದಲ ಸಲ ನಡುವೆ, ಬೆಂಕಿ ಬಿದ್ದರೆ ಹೊರಗೋಡುವ ಅಭ್ಯಾಸದ ಗಂಟೆ ಹೊಡೆದು ಎಲ್ಲ ಹಾಳಾಯಿತು. ಎರಡನೇ ಸಲ ಆ ಮುಖ. ಇದೂ ಕೈಕೊಟ್ಟರೆ ಜೂನಿಗೆ ಪಾಠ ಮಾಡುವ ತಾತ್ಕಾಲಿಕ ಲೈಸೆನ್ಸ್ ಮುಗಿಯುತ್ತದೆ, ಐವತ್ತೊಂದರ ವಯಸ್ಸಿನಲ್ಲಿ ಅವನು ಮತ್ತೆ ಮನೆಯಲ್ಲಿ. ಪರಿಹಾರದ ಕ್ಲೇಮುಗಳನ್ನು ಅವನು ತನಿಖೆ ಮಾಡುತ್ತಿದ್ದ ಇನ್ಶೂರೆನ್ಸ್ ಕಂಪನಿ ಟೊಲಿಡೊದ ಕಚೇರಿಯನ್ನು ಮುಚ್ಚಿದಾಗ ಅವನು ಮನೆಯಲ್ಲಿ ಕೂತ ಆ ತಿಂಗಳುಗಳಲ್ಲಿ, ಕಿಟಕಿಯ ಪರದೆಯ ಸಂದಿನಿಂದ ಪಕ್ಕದ ಮನೆಯ ಚಾವಣಿ ನೋಡುತ್ತ, ಆಲಿಕಲ್ಲಿನಿಂದ ಎಷ್ಟು ಹೆಂಚು ಹೋಗಿದೆ, ಎಷ್ಟು ಹಳೆಯ ಗಾಯ ಎಂದು ಎಣಿಸುತ್ತಿದ್ದ. ಅಲ್ಲಿಗೆ ಮಾತ್ರ ವಾಪಸು ಹೋಗಲಾರೆ ಅಂದುಕೊಂಡು ಬಾಗಿಲು ತೆಗೆದ. ಮಾರ್ಚಿನ ಕೊಳಕು ಹಿಮದ ಗುಡ್ಡೆ ಬೂಟಿಗೆ ತಾಗಿತು.

ಬದುಕಿನ ನಡುವೆ ದಾರಿ ಬದಲಿಸಿದವರನ್ನು ಮೇಷ್ಟ್ರು ಮಾಡುವ ಆ ತರಬೇತಿ ಮಂಗಳವಾರ ಸಂಜೆ ನಡೆಯುತ್ತಿತ್ತು. ಹಗಲೆಲ್ಲ ತರಗತಿಯಲ್ಲಿ ಒದ್ದಾಡಿ, ಸಂಜೆ ಬಂದು ಒದ್ದಾಡುವುದು ಹೇಗೆಂದು ಕಲಿಯಬೇಕು. ಅವನ ಜೊತೆ ಒಬ್ಬಳು ನರ್ಸ್, ಸೈನ್ಯದ ಉಗ್ರಾಣದಲ್ಲಿದ್ದ ಒಬ್ಬ, ಬೇಕರಿ ಮುಚ್ಚಿ ಬಂದ ಒಬ್ಬ ಇದ್ದರು. ಮೊದಲ ದಿನವೇ ಪಾಠ ಮಾಡಿದಾಕೆ, ನೀವು ಯಾರೂ ಖಾಲಿ ಕೈಯಲ್ಲಿ ಬಂದಿಲ್ಲ, ನಿಮ್ಮ ಹಳೆಯ ಕೆಲಸದ ಬಂಡವಾಳ ನಿಮ್ಮ ಜೊತೆಗಿದೆ, ಅದನ್ನು ಮಕ್ಕಳಿಗೆ ಕೊಡಿ ಎಂದಿದ್ದಳು. ನರ್ಸ್ ತಾಳ್ಮೆ ಎಂದಳು, ಸೈನಿಕ ಶಿಸ್ತು ಎಂದ. ವೆಂಡೆಲ್ ಸರದಿ ಬಂದಾಗ, ಜನರ ಮಾತು ಕೇಳಿಸಿಕೊಳ್ಳೋದು ಎಂದಿದ್ದ. ಅದು ಅರ್ಧ ಸತ್ಯ. ಇಪ್ಪತ್ತು ವರ್ಷ ಅವನಿಗೆ ಸಂಬಳ ಕೊಟ್ಟದ್ದು ಜನರನ್ನು ಮರ್ಯಾದೆಯಿಂದ ನಂಬದೆ ಇರುವುದಕ್ಕೆ.

ಪಡಸಾಲೆಯಲ್ಲಿ ಗ್ಲೆಂಡಾ ಸ್ಟ್ರೋಮ್ ಎದುರಾದಳು. ಪಕ್ಕದ ಕೋಣೆಯ ಮೇಷ್ಟ್ರಮ್ಮ, ಅವನ ಮೇಲೆ ಕಣ್ಣಿಡಲು ಶಾಲೆ ನೇಮಿಸಿದ ಹಿರಿಯಳು. ಅವನು ಸೇರಿದ ದಿನದಿಂದ ಅವನನ್ನು ಹೆಸರು ಹಿಡಿದು ಕರೆದವಳಲ್ಲ. ಮುಕ್ಕಾಲಿಯನ್ನು ನೋಡಿ ನಿಂತಳು.

"ಏನಯ್ಯಾ ಇನ್ಶೂರೆನ್ಸು, ಇವತ್ತು ಮದುವೆ ಗಂಡಿನ ಥರಾ ಇಸ್ತ್ರಿ ಹೊಡ್ಕೊಂಡು ಬಂದಿದೀಯ. ಆ ಹುಡುಗೀನ ಏನ್ಮಾಡ್ತೀಯ?"

ಯಾವ ಹುಡುಗಿ ಎಂದು ಅವನು ಕೇಳಲಿಲ್ಲ. ವಿಡಿಯೊದಲ್ಲಿ ಮಕ್ಕಳ ಮುಖವಾಗಲಿ ದನಿಯಾಗಲಿ ಬರಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಇಡೀ ತರಗತಿಯಲ್ಲಿ ಒಪ್ಪದೆ ಇದ್ದದ್ದು ಇಮಾನಿ ರಕ್ಕರ್‌ಳ ಚಿಕ್ಕಮ್ಮ ಒಬ್ಬಳೇ. ಗ್ಲೆಂಡಾ, ಎಲ್ಲರೂ ಮಾಡೋದೇ ಮಾಡು, ಆ ಪಿರಿಯಡ್ಡಿಗೆ ಲೈಬ್ರರಿಗೆ ಕಳಿಸಿಬಿಡು ಎಂದಳು. ಅವನು ಇಲ್ಲ ಎಂದ. ಅವಳನ್ನು ಹೊರಗೆ ಹಾಕಿದ ಹಾಗಾಗುತ್ತದೆ, ತರಗತಿಯಲ್ಲೇ ಇರಲಿ, ಕ್ಯಾಮೆರಾಕ್ಕೆ ಕಾಣದ ಕಡೆ ಕೂರಿಸುತ್ತೇನೆ ಎಂದ. ಹೇಳುವಾಗ ತಾನು ಒಳ್ಳೆಯವನೆಂದು ಅನ್ನಿಸಿತು. ಗ್ಲೆಂಡಾ ಕಾಫಿಯ ಲೋಟದ ಮೇಲಿನಿಂದ ಅವನನ್ನು ಒಂದು ಕ್ಷಣ ನೋಡಿ, "ನಿನ್ನಿಷ್ಟ ಕಣಪ್ಪ," ಎಂದು ಹೋದಳು.

ಮೂರು ವಾರದ ಹಿಂದಿನ ಆ ಮಧ್ಯಾಹ್ನ ಅವನು ಫೋನ್ ಮಾಡಬಾರದಿತ್ತು. ಅಷ್ಟೇ. ಇಮಾನಿ ಒಂದು ವಾರ ಬಂದಿರಲಿಲ್ಲ. ಅದರ ನಡುವೆ ಒಂದು ಪರೀಕ್ಷೆ ಇತ್ತು. ತಿರುಗಿ ಬಂದವಳು ಮೇಜಿನ ಹತ್ತಿರ ನಿಂತು ಅಜ್ಜಿ ತೀರಿಕೊಂಡರು ಎಂದಳು, ನೆಲ ನೋಡದೆ, ಅಳದೆ. ಅಳಲಿಲ್ಲ ಎಂಬುದನ್ನು ಅವನ ತಲೆ ತಾನಾಗಿಯೇ ಗುರುತು ಹಾಕಿಕೊಂಡಿತು. ಪರೀಕ್ಷೆಯ ವಾರವೇ ಸಾಯುವ ಅಜ್ಜಿಯರು ಎಷ್ಟು ಮಂದಿ ಎಂದು ಮೇಷ್ಟ್ರುಗಳು ಊಟದ ಕೋಣೆಯಲ್ಲಿ ನಗುತ್ತಿದ್ದುದೂ ನೆನಪಾಗಿರಬೇಕು. ಬಿಡುವಿನ ಪಿರಿಯಡ್ಡಿನಲ್ಲಿ ಇಮಾನಿಯ ಓಣಿಯಲ್ಲಿ ಹೆಣ ಇಟ್ಟುಕೊಂಡು ಸಂಸ್ಕಾರ ನಡೆಸಿಕೊಡುವ ಶವಸಂಸ್ಕಾರದ ಮನೆಯ ನಂಬರು ಹುಡುಕಿ ಫೋನ್ ಮಾಡಿದ. ಇಪ್ಪತ್ತು ವರ್ಷ ಮಾಡಿದ್ದ ಕೆಲಸ. ಮೃತರ ಪೂರ್ತಿ ಹೆಸರು ದಯವಿಟ್ಟು, ತೀರಿಕೊಂಡ ದಿನ ದಯವಿಟ್ಟು, ಸಂಸ್ಕಾರ ಯಾವತ್ತು ಆಯಿತು, ತೊಂದರೆಗೆ ಕ್ಷಮಿಸಿ, ನಿಮ್ಮಿಂದ ಉಪಕಾರವಾಯಿತು. ಆ ಕಡೆಯವನು ಎಲ್ಲ ಹೇಳಿದ ಮೇಲೆ, ನೀವು ಯಾರು ಎಂದ. ಶಾಲೆಯಿಂದ ಎಂದ ವೆಂಡೆಲ್. ನಿಜಕ್ಕೂ ಅವನನ್ನು ಸುಡುತ್ತಿದ್ದುದು ಕರೆ ಮಾಡಿದ್ದಲ್ಲ, ಆ ಎರಡು ನಿಮಿಷದಲ್ಲಿ ತನಗಾದ ಸುಖ. ಸೆಪ್ಟೆಂಬರಿನಿಂದ ದಿನಾ ಹುಡುಗರ ಮುಂದೆ ಬೆಪ್ಪಾಗಿ, ಸೀಮೆಸುಣ್ಣ ಜಾರಿ ಬಿದ್ದರೂ ನಗೆಪಾಟಲಾಗಿ ಬದುಕಿದವನಿಗೆ, ಆ ಎರಡು ನಿಮಿಷ ತಾನು ಮಾಡುವ ಕೆಲಸ ತನಗೆ ಗೊತ್ತಿತ್ತು. ದನಿ ನಡುಗಲಿಲ್ಲ. ಅಜ್ಜಿ ನಿಜವಾಗಿ ಸತ್ತಿದ್ದಳು. ಫೋನ್ ಇಟ್ಟಾಗ ಅವನಿಗೆ ಬೇಜಾರಾದದ್ದು ಅದಕ್ಕಲ್ಲ, ಕೆಲಸ ಮುಗಿದುಹೋಯಿತಲ್ಲ ಎಂದು.

ಆ ಶವಸಂಸ್ಕಾರದ ಮನೆಯವನು ಇಮಾನಿಯ ಚಿಕ್ಕಮ್ಮ ಹೋಗುವ ಚರ್ಚಿನಲ್ಲೇ ಹಾಡುವವನು. ಭಾನುವಾರ ಸುದ್ದಿ ಮುಟ್ಟಿತು, ಸೋಮವಾರ ಚಿಕ್ಕಮ್ಮ ಫೋನ್ ಮಾಡಿದಳು. ಬೈಯುತ್ತಾಳೆಂದು ಕಾದಿದ್ದ, ಬೈಯಲಿಲ್ಲ. ಅಂಗಡಿಯಲ್ಲಿ ಸಾಮಾನು ವಿಚಾರಿಸುವ ಹಾಗೆ ನಿಧಾನವಾಗಿ ಕೇಳಿದಳು: "ಆ ವಾರ ರಜಾ ಹಾಕಿದ್ದು ನಮ್ಮುಡುಗಿ ಒಬ್ಳೇನಾ ಸಾರ್? ಬೇರೆ ಯಾರ ಮನೆಗೆ ಫೋನ್ ಮಾಡಿದ್ರಿ? ಬಿಳೀ ಹುಡುಗಿ ಬಂದು ಅಜ್ಜಿ ಸತ್ರು ಅಂದಿದ್ರೆ, ಹೆಣ ಇಟ್ಟೋರಿಗೆ ಫೋನ್ ಮಾಡಿ ಕೇಳ್ತಿದ್ರಾ?" ಕೇಳುತ್ತಿದ್ದೆ, ಯಾರಾದರೂ ಅಷ್ಟೇ, ಇದು ನನ್ನ ಹಳೆಯ ಅಭ್ಯಾಸ ಎಂದು ಅವನು ಹೇಳಿದ. ಹೇಳುತ್ತಿರುವಾಗಲೇ ಬಿಳಿಯ ಹುಡುಗ ಕೇಡನ್ ನೆನಪಾದ. ಅದೇ ವಾರ ಕೇಡನ್ ಮೂರು ದಿನ ಬಂದಿರಲಿಲ್ಲ, ಗಂಟಲು ನೋವು ಎಂದಿದ್ದ, ಅವನ ಕೆಂಪು ಮೂಗು ನೋಡಿ ವೆಂಡೆಲ್ ಹಣೆ ಮುಟ್ಟಿ ಪಾಪ ಎಂದಿದ್ದ. ಅವನ ಮನೆಗೆ ಫೋನ್ ಮಾಡಿರಲಿಲ್ಲ. ಆಮೇಲೆ ಚಿಕ್ಕಮ್ಮನೇ ಫೋನ್ ಇಟ್ಟಳು. ಅಂದಿನಿಂದ ಇಮಾನಿ ಅವನ ಹತ್ತಿರ ಮಾತಾಡಿಲ್ಲ. ಕೊಟ್ಟ ಲೆಕ್ಕ ಮಾಡುತ್ತಾಳೆ, ಹಾಳೆ ತಂದು ಇಡುತ್ತಾಳೆ, ಹೋಗುತ್ತಾಳೆ. ಅವಳಿಗೆ ಕ್ಷಮೆ ಕೇಳಬೇಕೆಂದು ಅವನು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದ. ವಿಡಿಯೊ ಮುಗಿಯಲಿ, ಕೇಳೋಣ. ಮೊದಲೇ ಕೇಳಿದರೆ ಒಪ್ಪಿಗೆಗಾಗಿ ಪುಸಲಾಯಿಸಿದ ಹಾಗಾಗುತ್ತದೆ. ಹೀಗೆ ತನಗೆ ತಾನೇ ಹೇಳಿಕೊಂಡಿದ್ದ, ಅದರಲ್ಲೂ ಒಂದು ನ್ಯಾಯ ಕಂಡಿತ್ತು.

ಮಕ್ಕಳು ಬಂದರು. ಎಡಗೋಡೆಯಿಂದ ಒಂದು ಮಾರು ಈಚೆಗೆ ಮುಕ್ಕಾಲಿ ನಿಲ್ಲಿಸಿದರೆ ಬೋರ್ಡೂ ಎಲ್ಲರ ಮುಖವೂ ಸಿಗುತ್ತಿತ್ತು. ಕ್ಯಾಮೆರಾಕ್ಕೂ ಗೋಡೆಗೂ ನಡುವಿನ ಸಂದು ಮಾತ್ರ ಅದಕ್ಕೆ ಕಾಣುತ್ತಿರಲಿಲ್ಲ. ಬೆಳಿಗ್ಗೆಯೇ ಅಲ್ಲೊಂದು ಮೇಜು ಹಾಕಿಟ್ಟಿದ್ದ. ಇಮಾನಿ ಎಂದಿನಂತೆ ಮುಂದಿನ ಸಾಲಿಗೆ ಹೋಗಿ ಚೀಲ ಇಳಿಸಿದಳು. ಅವನು ಬಗ್ಗಿ ಮೆಲ್ಲಗೆ ಹೇಳಿದ. ಅವಳು ಗೋಡೆ ನೋಡಿದಳು, ಮೇಜು ನೋಡಿದಳು, ಚೀಲ ಎತ್ತಿಕೊಂಡು ಹೋದಳು. ಹಿಂದಿನಿಂದ ಯಾರೋ ಇಮಾನಿಗೆ ಶಿಕ್ಷೆ ಎಂದರು, ಯಾರೋ ನಕ್ಕರು. ಅವನು ಎಲ್ಲರಿಗೂ ನಿಯಮ ಹೇಳಿದ. ಹದಿನೈದು ನಿಮಿಷ ಯಾರೂ ಜಾಗ ಬಿಟ್ಟು ಏಳಬಾರದು. ನಾನು ಹೆಸರು ಕರೆಯದೆ ಯಾರೂ ಮಾತಾಡಬಾರದು. ಕೈ ಎತ್ತಿ, ಕಾಯಿರಿ. ಕ್ಯಾಮೆರಾದ ಆಚೆಗಿರುವವರು ಮಾತ್ರ ದಯವಿಟ್ಟು ಮಾತಾಡಲೇಬೇಡಿ, ದನಿ ಬಂದರೂ ಎಲ್ಲ ತಿರಸ್ಕಾರವಾಗುತ್ತದೆ. ಆಚೆಗಿರುವವರು ಎಂದ, ಇರುವವಳು ಒಬ್ಬಳೇ. ಗುಂಡಿ ಒತ್ತಿದ. ಕೆಂಪು ದೀಪ ಬಂತು.

ಶಾಲೆಯ ಹಿಂಬಾಗಿಲಿನ ಗಾಲಿಕುರ್ಚಿಯ ಇಳಿಜಾರನ್ನು ಹಿಂದಿನ ದಿನ ಮಕ್ಕಳೇ ಅಳೆದು ತಂದಿದ್ದರು. ಎಷ್ಟು ಉದ್ದಕ್ಕೆ ಎಷ್ಟು ಏರುತ್ತದೆ ಎಂಬುದು ಪಾಠ. ಆಶ್ಚರ್ಯವೆಂದರೆ ಪಾಠ ಚೆನ್ನಾಗಿ ಹತ್ತಿಕೊಂಡಿತು. ಮರಿಸೋಲ್ ಎಂಬ ಹುಡುಗಿ, ಯಾವತ್ತೂ ಬಾಯಿ ಬಿಡದವಳು, ಕೈ ಎತ್ತಿ ಭಾಗಿಸೋದು ಯಾಕೆ, ಕಳೆದರೆ ಸಾಲದೇ ಎಂದು ಕೇಳಿದಳು. ಮೇಷ್ಟ್ರುಗಳು ಕನಸಿನಲ್ಲಿ ಕಾಣುವ ಪ್ರಶ್ನೆ. ಅವನು ಉತ್ತರ ಹೇಳದೆ ಅದನ್ನು ಕೇಡನ್ ಕಡೆ ದಾಟಿಸಿದ, ಕೇಡನ್ ತಪ್ಪು ಹೇಳಿದ, ಇನ್ನೊಬ್ಬ ಆ ತಪ್ಪನ್ನು ಹಿಡಿದ. ವೆಂಡೆಲ್ ನಗುತ್ತಿದ್ದ, ಈ ಸಲ ನಗು ತಾನಾಗಿ ಬಂದಿತ್ತು. ಹಾಗೆ ನಗುತ್ತ ಎಡಕ್ಕೆ ತಿರುಗಿದಾಗ, ಮುಕ್ಕಾಲಿಯ ಆಚೆ, ಮೇಲಕ್ಕೆ ಎದ್ದ ಕೈ ಕಂಡಿತು.

ಇಮಾನಿ ಕೈ ಎತ್ತಿದ್ದಳು. ಅವನನ್ನೇ ನೋಡುತ್ತಿದ್ದಳು. ಅವನ ಕಣ್ಣು ಅಲ್ಲಿಂದ ಜಾರಿ ಬೋರ್ಡಿಗೆ ಬಂತು. ಮರೆತಿದ್ದಾಳೆ, ಈಗ ಇಳಿಸುತ್ತಾಳೆ ಅಂದುಕೊಂಡ. ಒಂದು ಗೆರೆ ಎಳೆದು ತಿರುಗಿದ. ಕೈ ಅಲ್ಲೇ ಇತ್ತು. ಹೆಸರು ಕರೆದರೆ ಅವಳು ಮಾತಾಡುತ್ತಾಳೆ, ಮಾತಾಡಿದರೆ ವಿಡಿಯೊ ಸತ್ತಿತು. ಅದು ಅವಳಿಗೆ ಚೆನ್ನಾಗಿ ಗೊತ್ತು, ತಾನೇ ಹೇಳಿಕೊಟ್ಟಿದ್ದೇನೆ. ಅವನೊಳಗಿನ ಹಳೆಯ ಇನ್ಶೂರೆನ್ಸಿನವನು ಕುರ್ಚಿ ಎಳೆದುಕೊಂಡು ಕೂತ. ಯಾಕೆ ಇವತ್ತೇ? ಮೂರು ವಾರ ಎತ್ತದ ಕೈ ಕೆಂಪು ದೀಪ ಬಂದ ಮೇಲೇ ಯಾಕೆ ಎತ್ತಬೇಕು? ಕಾರಣವಿದೆ, ಸಮಯವಿದೆ, ಲಾಭವಿದೆ. ಮೂರೂ ಕೂಡಿ ಬಂದರೆ ಕ್ಲೇಮು ಸುಳ್ಳು. ಚಿಕ್ಕಮ್ಮ ಹೇಳಿಕೊಟ್ಟಿರಬಹುದು. ಮಕ್ಕಳ ಕಣ್ಣು ಒಂದೊಂದಾಗಿ ಎಡಕ್ಕೆ ಹೋಗಿ ಅವನ ಕಡೆ ಬರುತ್ತಿದ್ದವು. ಅವನು ದನಿ ಏರಿಸಿದ, ಇಳಿಜಾರು ಕಡಿದಾದರೆ ಗಾಲಿಕುರ್ಚಿಯಲ್ಲಿರುವವರಿಗೆ ಏನಾಗುತ್ತದೆ ಎಂದು ಕೇಳಿದ, ಹಿಂದಕ್ಕೆ ಉರುಳುತ್ತಾರೆ ಎಂದರು, ನಕ್ಕರು. ಇಮಾನಿ ಎತ್ತಿದ ಕೈಗೆ ಇನ್ನೊಂದು ಕೈ ಆಸರೆ ಕೊಟ್ಟಿದ್ದಳು. ಮಡಿಲ ಮೇಲೆ ಸ್ವೆಟರ್ ಎಳೆದುಕೊಂಡಿದ್ದಳು. ಅದನ್ನೂ ಅವನು ಗುರುತು ಹಾಕಿಕೊಂಡ, ಚಳಿಯಿಲ್ಲದ ಕೋಣೆಯಲ್ಲಿ ಸ್ವೆಟರ್ ಯಾಕೆ? ಅದಕ್ಕೆ ಉತ್ತರ ಹುಡುಕುವಷ್ಟು ಪುರುಸೊತ್ತಿರಲಿಲ್ಲ. ಕ್ಯಾಮೆರಾ ನಿಲ್ಲಿಸಿ, ಏನಮ್ಮ ಎಂದು ಕೇಳಬಹುದಿತ್ತು. ನಾಲ್ಕು ಹೆಜ್ಜೆಯೂ ಇಲ್ಲ. ಕಾಲು ಆ ಕಡೆ ಹೊರಳಿದ್ದೂ ನಿಜ. ಆದರೆ ಮರಿಸೋಲ್ ಮತ್ತೆ ಮಾತಾಡುತ್ತಿದ್ದಳು, ಅಂಥ ಮಾತು ಇನ್ನೊಂದು ಸಲ ಸಿಗುವುದಿಲ್ಲ, ಜೂನ್ ಕಣ್ಣ ಮುಂದಿತ್ತು, ಪಕ್ಕದ ಮನೆಯ ಹೆಂಚು ಕಣ್ಣ ಮುಂದಿತ್ತು. ಅವನು ಮರಿಸೋಲ್ ಕಡೆ ತಿರುಗಿ ಬಹಳ ಒಳ್ಳೆಯ ಮೇಷ್ಟ್ರಾಗಿ ತಲೆದೂಗಿದ. ಆಮೇಲೆ ಒಂದು ಸಲವೂ ಎಡಕ್ಕೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಕತ್ತು ನೋಯುತ್ತಿತ್ತು.

ಗಂಟೆ ಹೊಡೆಯಿತು. ಮಕ್ಕಳು ಎಂದಿನ ಗಲಾಟೆಯಿಲ್ಲದೆ ಎದ್ದರು. ಮರಿಸೋಲ್ ಬಾಗಿಲ ಹತ್ತಿರ ತಿರುಗಿ ನೋಡಿದಳು, ಅವನನ್ನಲ್ಲ. ಎಲ್ಲರೂ ಹೋದ ಮೇಲೂ ಇಮಾನಿ ಕೂತೇ ಇದ್ದಳು. ಕೈ ಇಳಿದಿತ್ತು. ಜಗಳಕ್ಕೆ ಕಾದಿದ್ದಾಳೆ ಎಂದುಕೊಂಡ. ಒಳ್ಳೆಯದೇ ಆಯಿತು, ಈಗ ಕ್ಷಮೆ ಕೇಳಿಬಿಡೋಣ. ಕ್ಯಾಮೆರಾ ಆರಿಸಿ, ಕುರ್ಚಿ ಎಳೆದುಕೊಂಡು, ಇಮಾನಿ, ನಿನ್ನ ಹತ್ತಿರ ಒಂದು ಮಾತು ಹೇಳಬೇಕಿತ್ತು ಎಂದು ಜೋಡಿಸಿಟ್ಟ ಮಾತುಗಳನ್ನು ಶುರು ಮಾಡಿದ.

"ಮಿಸೆಸ್ ಸ್ಟ್ರೋಮ್‌ನ ಕರೀರಿ," ಎಂದಳು ಅವಳು.

"ಯಾಕೆ?"

ಬಾಯಿಂದ ಅದು ತಾನಾಗಿ ಬಿತ್ತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಕಣ್ಣು ತುಂಬಿದ್ದವು. ಅಜ್ಜಿಯ ಸುದ್ದಿ ಹೇಳಿದ ದಿನ ಅವನು ಹುಡುಕಿ ಸಿಗದೆ ಇದ್ದ ನೀರು ಅಲ್ಲಿತ್ತು.

"ಫೋನ್ ಮಾಡಿ ಕೇಳಿ, ಯಾಕೇಂತ," ಎಂದಳು.

ಮಡಿಲ ಸ್ವೆಟರನ್ನು ಅವಳು ಸೊಂಟದ ಸುತ್ತ ಒತ್ತಿ ಹಿಡಿದುಕೊಂಡದ್ದು, ಕುರ್ಚಿಯ ಅಂಚಿನಿಂದ ಒಂದು ಇಂಚೂ ಅಲ್ಲಾಡದೆ ಕೂತದ್ದು ಆಗ ಅವನಿಗೆ ಅರ್ಥವಾಯಿತು. ಹದಿಮೂರರ ಹುಡುಗಿ, ಮುಟ್ಟಾಗಿದ್ದಳು. ಅವನು ಪಕ್ಕದ ಕೋಣೆಗೆ ಓಡಿದ. ಗ್ಲೆಂಡಾ ಅವನ ಮುಖ ನೋಡಿದವಳೇ ಏನನ್ನೂ ಕೇಳದೆ ಮೇಜಿನ ಕೆಳಗಿನ ಖಾನೆಯಿಂದ ಒಂದು ಚೀಲ ತೆಗೆದುಕೊಂಡು ಬಂದು ಬಾಗಿಲು ಹಾಕಿಕೊಂಡಳು. ಅವನು ತನ್ನದೇ ತರಗತಿಯ ಹೊರಗೆ ಪಡಸಾಲೆಯಲ್ಲಿ ನಿಂತ. ಮುಂದಿನ ಪಿರಿಯಡ್ಡಿನ ಹುಡುಗರು ಬಂದು, ಯಾಕೆ ಸಾರ್ ಒಳಗೆ ಬಿಡಲ್ವಾ ಎಂದರು. ಸುಮ್ನೆ ನಿಲ್ರೋ ಎಂದು ಗದರಿದ. ಬಹಳ ಹೊತ್ತಾದ ಮೇಲೆ ಇಮಾನಿ ಗ್ಲೆಂಡಾಳ ಉದ್ದನೆಯ ಕೋಟು ತೊಟ್ಟುಕೊಂಡು ಹೊರಗೆ ಬಂದು, ಗೋಡೆಯ ಬದಿಯಿಂದ ನಡೆದು ಹೋದಳು. ಹಿಂದೆ ಬಂದ ಗ್ಲೆಂಡಾ ಈ ಸಲ ಅವನನ್ನು ಇನ್ಶೂರೆನ್ಸು ಎನ್ನಲಿಲ್ಲ.

"ಅಷ್ಟೂ ಹೊತ್ತು ಕೈ ಎತ್ತಿದ್ಳಂತೆ, ವೆಂಡೆಲ್. ಮಾತಾಡಬೇಡ ಅಂತ ನೀನು ಹೇಳಿದ್ದಕ್ಕೆ ಮಾತಾಡಲಿಲ್ವಂತೆ."

ಸಂಜೆ ಖಾಲಿ ತರಗತಿಯಲ್ಲಿ ಕೂತು ವಿಡಿಯೊ ನೋಡಿದ. ಚೆನ್ನಾಗಿತ್ತು. ಅದೇ ಅವನನ್ನು ಕೊಂದದ್ದು. ಮರಿಸೋಲ್ ಪ್ರಶ್ನೆ, ಅವನು ಕಾಯುವ ರೀತಿ, ಆ ನಗು, ಯಾರು ನೋಡಿದರೂ ಹುಟ್ಟು ಮೇಷ್ಟ್ರು ಎನ್ನಬೇಕು. ಕೈ ಎಲ್ಲೂ ಇರಲಿಲ್ಲ. ಇದ್ದದ್ದು ಮಕ್ಕಳ ಕಣ್ಣು ಮಾತ್ರ. ಒಬ್ಬರಾದ ಮೇಲೆ ಒಬ್ಬರು ಕ್ಯಾಮೆರಾದ ಪಕ್ಕಕ್ಕೆ ನೋಡುತ್ತಾರೆ, ಅವನ ಕಡೆ ನೋಡುತ್ತಾರೆ, ಮತ್ತೆ ಪಕ್ಕಕ್ಕೆ. ವಿಡಿಯೊದಲ್ಲಿರುವ ಮನುಷ್ಯ ಒಬ್ಬನೇ ಆ ಕಡೆ ನೋಡುವುದಿಲ್ಲ. ಕಳಿಸಬಾರದು ಎಂದು ಅವನಿಗೆ ಅನ್ನಿಸಿತು, ಗಟ್ಟಿಯಾಗಿಯೇ ಅನ್ನಿಸಿತು. ಕಳಿಸದೆ ಇದ್ದರೆ ಅವಳಿಗೆ ಏನು ಬಂತು ಎಂದೂ ಅನ್ನಿಸಿತು. ಕತ್ತಲಾಗುವ ಮುಂಚೆ ಕಳಿಸಿಬಿಟ್ಟ. ಕಳಿಸಿದ ಕೂಡಲೇ ಹೊಟ್ಟೆ ಹಸಿಯಿತು. ಹಸಿವಾದದ್ದಕ್ಕೆ ನಾಚಿಕೆಯಾಯಿತು.

ಮರುದಿನದಿಂದ ಇಮಾನಿ ತನ್ನ ಮುಂದಿನ ಸಾಲಿಗೆ ಬಂದು ಕೂತಳು. ಕ್ಷಮೆ ಕೇಳಲು ಅವನು ಎರಡು ಸಲ ಹೋದ, ಎರಡು ಸಲವೂ ಅವಳು ಪರವಾಗಿಲ್ಲ ಸಾರ್ ಎಂದು ಪುಸ್ತಕ ತೆರೆದಳು. ಕೈ ಎತ್ತುವುದನ್ನು ಮಾತ್ರ ಬಿಟ್ಟಿದ್ದಳು. ಹೊರಗೆ ಹೋಗಬೇಕಾದರೆ ಎದ್ದು ಹೋಗುತ್ತಿದ್ದಳು. ಅವನು ತಡೆಯುತ್ತಿರಲಿಲ್ಲ, ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ, ಹಾಗೆ ಕೇಳದೆ ಇರುವುದನ್ನು ಅವಳು ಗಮನಿಸಲಿ ಎಂದು ಆಸೆಪಡುತ್ತಿದ್ದ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಪಾಸಾಗಿದ್ದ. ಬರೀ ಪಾಸಲ್ಲ, ಒಳ್ಳೆಯ ಅಂಕ. ಕೆಳಗೆ ನಾಲ್ಕು ಸಾಲಿನ ಅಭಿಪ್ರಾಯವಿತ್ತು. ಪ್ರಶ್ನೆಗಳನ್ನು ಮಕ್ಕಳಿಗೇ ದಾಟಿಸುವ ರೀತಿಯನ್ನು ಹೊಗಳಿದ್ದರು. ಕೊನೆಯ ಸಾಲನ್ನು ಅವನು ನಿಂತುಕೊಂಡೇ ಓದಿದ: ಪಾಠದ ಉದ್ದಕ್ಕೂ ಮಕ್ಕಳ ನೋಟ ಮತ್ತೆ ಮತ್ತೆ ಎಡಗೋಡೆಯ ಕಡೆ ಹೋಗುತ್ತದೆ, ಪಾಠಕ್ಕೆ ಹೊಂದುವ ಚಿತ್ರಪಟವನ್ನು ಶಿಕ್ಷಕರು ಅಲ್ಲಿ ತೂಗುಹಾಕಿರುವಂತಿದೆ, ತರಗತಿಯ ಜಾಗವನ್ನು ಬಳಸಿಕೊಂಡ ಬಗೆ ಮೆಚ್ಚತಕ್ಕದ್ದು. ಗ್ಲೆಂಡಾ ಶುಭಾಶಯ ಹೇಳಿ ಕೇಕಿನ ತುಂಡು ಕೊಟ್ಟಳು. ತಿಂದ.

ಅವತ್ತು ಸಂಜೆ ಅವನು ಅಂಗಡಿಗೆ ಹೋಗಿ ಒಂದು ಚಿತ್ರಪಟ ಕೊಂಡ. ಇಳಿಜಾರುಗಳು, ಗೆರೆಗಳು, ನೀಲಿ ಬಾಣಗಳು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಕುರ್ಚಿ ಹತ್ತಿ, ಎಡಗೋಡೆಗೆ ಅದನ್ನು ಹೊಡೆದ. ಮೊಳೆ ಹೊಡೆಯುವಾಗ ಯಾಕೆ ಹೀಗೆ ಮಾಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಕಾಗದದಲ್ಲಿ ಬಂದದ್ದು ಗೋಡೆಯ ಮೇಲೂ ಇದ್ದರೆ ಎರಡಕ್ಕೂ ತಾಳೆಯಾಗುತ್ತದೆ, ಕಡತ ಮುಚ್ಚಬಹುದು. ಇಳಿದು ದೂರ ನಿಂತು ನೋಡಿದ. ಯಾವಾಗಿನಿಂದಲೋ ಅಲ್ಲೇ ಇದ್ದ ಹಾಗಿತ್ತು.

ಮಕ್ಕಳು ಬಂದು ಕೂತರು. ಯಾರೂ ಅದನ್ನು ಗಮನಿಸಲಿಲ್ಲ. ಇಮಾನಿ ಚೀಲ ಇಳಿಸುತ್ತಿದ್ದವಳು ಹಾಗೇ ನಿಂತಳು. ಗೋಡೆ ನೋಡಿದಳು, ಬಹಳ ಹೊತ್ತು ನೋಡಿದಳು.

"ಇದು ಇಲ್ಲಿರಲಿಲ್ಲ," ಎಂದಳು. ಆ ವಿಡಿಯೊದ ದಿನದ ಮೇಲೆ ಅವಳಾಗಿ ಆಡಿದ ಮೊದಲ ಮಾತು.

ಇತ್ತು, ನೀನು ನೋಡಿರಲಿಲ್ಲ ಎನ್ನಬಹುದಿತ್ತು. ಅದು ಅವನ ನಾಲಿಗೆಯ ತುದಿಗೂ ಬಂದಿತ್ತು. ಮರಿಸೋಲ್ ಅವನನ್ನೇ ನೋಡುತ್ತಿದ್ದಳು, ಕೇಡನ್ ನೋಡುತ್ತಿದ್ದ.

"ಇರಲಿಲ್ಲ," ಎಂದ ವೆಂಡೆಲ್. ದನಿ ನಡುಗಿತು. "ಅಲ್ಲಿ ನೀನಿದ್ದೆ. ಕೈ ಎತ್ತಿದ್ದೆ. ನಾನು ನೋಡಿದ್ದೆ."

ಅವಳು ಕುರ್ಚಿ ಎಳೆದುಕೊಂಡು ಕೂತು ಪುಸ್ತಕ ತೆರೆದಳು. ಎಲ್ಲರೂ ಕಾಯುತ್ತಿದ್ದರು. ಅವನು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ನಿಂತಿದ್ದ.